ಥಂಡರ್‌ಬರ್ಡ್‌ನಲ್ಲಿ ಮೇಲ್ ಹೋಗುತ್ತೆ, ಬರೋದಿಲ್ಲ

ಥಂಡರ್‌ಬರ್ಡ್ ಅನ್ನೋ ಮೇಲ್ ತಂತ್ರಾಂಶದಲ್ಲಿ ಮೇಲ್ ಕಳಿಸೋಕೆ ಆಗುತ್ತೆ, ಆದರೆ ತರಿಸಿಕೊಳ್ಳಲು ಹೋದರೆ 12ರಲ್ಲಿ 3ನೆಯದಕ್ಕೆ ನಿಂತು ‘ಟೈಮ್ಡ್ ಔಟ್’ (ಕಾಯುವ ಗಡುವು ಮುಗಿಯಿತು) ಅನ್ನುತ್ತೆ ಅಂತ ಬರೆದಿದ್ದೀರಿ. ಪ್ರತಿ ಸಲ ಅದೇ 3ಕ್ಕೇ ನಿಲ್ಲುತ್ತಿದ್ದರೆ ಪಾಸ್‌ವರ್ಡ್, ಪೋರ್ಟ್ ಯಾವುದನ್ನೂ ಮುಟ್ಟಬೇಡಿ. ಅವು ತಪ್ಪಿದ್ದರೆ ಮೊದಲೆರಡೂ ಇಳಿಯುತ್ತಿರಲಿಲ್ಲ. ತೊಂದರೆ ಆ ಮೂರನೆಯ ಮೇಲ್‌ನಲ್ಲೇ ಇದೆ, ಬಹುಶಃ ದೊಡ್ಡ ಅಟ್ಯಾಚ್‌ಮೆಂಟ್. ಪಾಪ್‌3 (ಸರ್ವರ್‌ನಿಂದ ಮೇಲ್ ಇಳಿಸಿಕೊಳ್ಳುವ ಒಂದು ವಿಧಾನ) ಒಂದೊಂದೇ ಮೇಲನ್ನು ಸಾಲಾಗಿ ಇಳಿಸುತ್ತೆ. ಟೋಲ್ ಗೇಟಿನಲ್ಲಿ ಲಾರಿ ಕೆಟ್ಟು ನಿಂತ ಹಾಗೆ, ಒಂದು ಸಿಕ್ಕಿಕೊಂಡರೆ ಹಿಂದಿನವೆಲ್ಲ ಕಾಯಬೇಕು.

ಬ್ರೌಸರ್‌ನಲ್ಲಿ ವೆಬ್‌ಮೇಲ್ ತೆರೆದು ಆ ಭಾರದ ಮೇಲನ್ನು ಇನ್‌ಬಾಕ್ಸ್‌ನಿಂದ ಬೇರೆ ಫೋಲ್ಡರ್‌ಗೆ ಸರಿಸಿ. ಅಳಿಸೋದು ಬೇಡ, ಬೇಕಾದದ್ದೇ ಇರಬಹುದು. ಆಮೇಲೆ ಥಂಡರ್‌ಬರ್ಡ್ ಮುಚ್ಚಿ, ಹತ್ತು ನಿಮಿಷ ಬಿಟ್ಟು ತೆರೆಯಿರಿ. ಅರ್ಧಕ್ಕೆ ಕಡಿದುಹೋದ ಹಳೆಯ ಸಂಪರ್ಕ ಸರ್ವರ್‌ನಲ್ಲಿ ಮೇಲ್‌ಬಾಕ್ಸ್‌ಗೆ ಬೀಗ ಹಾಕಿಟ್ಟಿರಬಹುದು.

ಆಗಲೂ ಆಗದಿದ್ದರೆ ಆಂಟಿವೈರಸ್‌ನ ಇಮೇಲ್ ಸ್ಕ್ಯಾನ್ ಮಾತ್ರ ಸ್ವಲ್ಪ ಹೊತ್ತು ಆಫ್ ಮಾಡಿ ನೋಡಿ. ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ಕಳ್ಳ. ಇಡೀ ಅಟ್ಯಾಚ್‌ಮೆಂಟನ್ನು ತಾನೇ ಮೊದಲು ನುಂಗಿ ಪರೀಕ್ಷಿಸುವಷ್ಟರಲ್ಲಿ ಥಂಡರ್‌ಬರ್ಡ್ ತನ್ನ 100 ಸೆಕೆಂಡ್ ಕಾದು ಕೈಬಿಡುತ್ತಿತ್ತು. ಥಂಡರ್‌ಬರ್ಡ್ ಸೆಟ್ಟಿಂಗ್ಸ್‌ನಲ್ಲಿರುವ ಕಾನ್ಫಿಗ್ ಎಡಿಟರ್‌ನಲ್ಲಿ ‘mailnews.tcptimeout’ ಹುಡುಕಿ 300 ಮಾಡಿದರೆ ಆ ಗಡುವು ಹೆಚ್ಚುತ್ತೆ. ನೆಟ್ ನಿಧಾನ ಇದ್ದರೂ ಇದು ಉಪಯೋಗಕ್ಕೆ ಬರುತ್ತೆ.