ಮೋಟಾರಿಗಿಂತ ಮೊದಲು ಬ್ಯಾಟರಿಯ ಲೆಕ್ಕ

ಪ್ರಶ್ನೆ: ಎಂಜಿನಿಯರಿಂಗ್ ಅಂತಿಮ ವರ್ಷದ ನಾವು ನಾಲ್ವರು ವಿದ್ಯುತ್ ಮೋಟಾರ್‌ಸೈಕಲ್ ಒಂದನ್ನು ವಿನ್ಯಾಸ ಮಾಡುತ್ತಿದ್ದೇವೆ. 30 ಕಿಲೋವ್ಯಾಟ್ ಮೋಟಾರು, 8 ಯೂನಿಟ್ ಬ್ಯಾಟರಿ ಎಂದು ಗೊತ್ತುಮಾಡಿಕೊಂಡಿದ್ದೇವೆ. ಗಂಟೆಗೆ 140 ಕಿ.ಮೀ. ವೇಗ ಮತ್ತು ಒಂದು ಚಾರ್ಜಿಗೆ 200 ಕಿ.ಮೀ. ಓಟ ಸಾಧ್ಯವೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಎರಡೂ ಸಾಧ್ಯ, ಆದರೆ ಒಂದೇ ಸವಾರಿಯಲ್ಲಿ ಅಲ್ಲ. ಗಾಳಿಯ ತಡೆಯನ್ನು ಮೀರಲು ಬೇಕಾಗುವ ಶಕ್ತಿಯು ವೇಗದ ಘನದಂತೆ ಏರುತ್ತದೆ. ಸವಾರನೂ ಸೇರಿ 280 ಕಿಲೋ ತೂಗುವ, ಮುಂಭಾಗಕ್ಕೆ ವಿಶೇಷ ಹೊದಿಕೆಯಿಲ್ಲದ ಬೈಕಿಗೆ ಸಮತಟ್ಟಾದ ರಸ್ತೆಯಲ್ಲಿ 60 ಕಿ.ಮೀ. ವೇಗ ಕಾಯ್ದುಕೊಳ್ಳಲು ಬ್ಯಾಟರಿಯಿಂದ ಸುಮಾರು 2.4 ಕಿಲೋವ್ಯಾಟ್ ಸಾಕು. 100ಕ್ಕೆ ಅದು 8.6 ಆಗುತ್ತದೆ, 140ಕ್ಕೆ 22ರ ಆಸುಪಾಸಿಗೆ ಹೋಗುತ್ತದೆ. ಅಂದರೆ 8 ಯೂನಿಟ್ ಬ್ಯಾಟರಿ 60ರ ವೇಗದಲ್ಲಿ 200 ಕಿ.ಮೀ. ಕೊಟ್ಟರೂ 140ರಲ್ಲಿ 50 ಕಿ.ಮೀ. ದಾಟುವುದೇ ಕಷ್ಟ. ಬೆಂಗಳೂರಿನಲ್ಲೇ ತಯಾರಾಗುವ ಅಲ್ಟ್ರಾವಯಲೆಟ್ ಎಫ್77 ಮ್ಯಾಕ್ 2ರ ದೊಡ್ಡ ಮಾದರಿಯಲ್ಲಿ 10.3 ಯೂನಿಟ್ ಬ್ಯಾಟರಿ ಇದೆ. ಅದರ 323 ಕಿ.ಮೀ. ಓಟ ನಿಗದಿತ ಕ್ರಮದಲ್ಲಿ ಓಡಿಸಿ ಅಳೆಯುವ ಪ್ರಮಾಣಿತ ಪರೀಕ್ಷೆಯ ಅಂಕಿಯೇ ಹೊರತು ಹೆದ್ದಾರಿಯ ವೇಗದ್ದಲ್ಲ.

ನಿಮ್ಮ ಪಟ್ಟಿಯಲ್ಲಿ ನನಗೆ ಆತಂಕ ತಂದದ್ದು ಮೋಟಾರಲ್ಲ, ಸೆಲ್‌ಗಳ ಬಗ್ಗೆ ಒಂದು ಸಾಲೂ ಇಲ್ಲದಿರುವುದು. 5 ಆಂಪಿಯರ್-ಗಂಟೆಯ 21700 ಸೆಲ್‌ಗಳನ್ನು (21 ಮಿ.ಮೀ. ದಪ್ಪ, 70 ಮಿ.ಮೀ. ಉದ್ದದ ಲಿಥಿಯಂ ಸೆಲ್) 28 ಸರಣಿಯಲ್ಲಿ, 16 ಸಮಾಂತರದಲ್ಲಿ ಜೋಡಿಸಿದರೆ 448 ಸೆಲ್‌ಗಳಿಂದ ಸುಮಾರು 100 ವೋಲ್ಟಿನ 8 ಯೂನಿಟ್ ಪ್ಯಾಕ್ ಸಿಗುತ್ತದೆ. ಸೆಲ್‌ಗಳ ತೂಕವೇ 31 ಕಿಲೋ ಆಗುತ್ತದೆ. ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಚಕ್ರದ ಕಡೆಗೆ 30 ಕಿಲೋವ್ಯಾಟ್ ಕಳುಹಿಸುವಾಗ, ಮೋಟಾರು ಮತ್ತು ಅದನ್ನು ನಿಯಂತ್ರಿಸುವ ಕಂಟ್ರೋಲರಿನ ನಷ್ಟವೂ ಸೇರಿ ಪ್ಯಾಕಿನಿಂದ ಸುಮಾರು 330 ಆಂಪಿಯರ್, ಅಂದರೆ ಪ್ರತಿ ಸೆಲ್ಲಿನಿಂದ 20 ಆಂಪಿಯರಿಗೂ ಹೆಚ್ಚು ಹರಿಯಬೇಕು. ಹೆಚ್ಚು ಚಾರ್ಜ್ ಹಿಡಿಯಲೆಂದೇ ಮಾಡಿದ ಸೆಲ್‌ಗಳಲ್ಲಿ ಎಷ್ಟೋ ಸೆಲ್‌ಗಳ ನಿರಂತರ ಮಿತಿ 10ರಿಂದ 15 ಆಂಪಿಯರ್ ಮಾತ್ರ. ಸೆಲ್ಲಿನ ಆಂತರಿಕ ರೋಧ 15 ಮಿಲಿಓಮ್ ಎಂದುಕೊಂಡರೂ ಒಂದೊಂದು ಸೆಲ್ಲಿನಲ್ಲಿ 6 ವ್ಯಾಟಿಗಿಂತ ಹೆಚ್ಚು ಶಾಖ ಹುಟ್ಟುತ್ತದೆ. 448ರಿಂದ ಗುಣಿಸಿದರೆ ಮುಚ್ಚಿದ ಪೆಟ್ಟಿಗೆಯೊಳಗೆ ಮೂರು ಇಸ್ತ್ರಿಪೆಟ್ಟಿಗೆಗಳನ್ನು ಉರಿಸಿಟ್ಟಂತಾಯಿತು. ಕೆಲವು ಸೆಕೆಂಡುಗಳ ವೇಗವರ್ಧನೆಗೆ ಇದು ಸಹ್ಯವಾದರೂ ಘಾಟಿ ರಸ್ತೆಯ ಏರಿನಲ್ಲಿ ಅಲ್ಲ. ಆದ್ದರಿಂದ ಹಿಡಿಯುವ ಚಾರ್ಜ್ ಸ್ವಲ್ಪ ಕಡಿಮೆಯಾದರೂ ಹೆಚ್ಚು ಆಂಪಿಯರ್ ತಾಳಬಲ್ಲ ಸೆಲ್ ಆರಿಸಿ, ಶಾಖ ಹೊರಹೋಗುವ ದಾರಿಯನ್ನು ಮೊದಲು ಬರೆದಿಡಿ. ಮೋಟಾರಿನ ಗಾತ್ರ ಆಮೇಲೆ ತಾನಾಗಿಯೇ ತೀರ್ಮಾನವಾಗುತ್ತದೆ.

ಇನ್ನೊಂದು ಮಾತು. ಕಂಟ್ರೋಲರಿನೊಳಗಿನ ಕೆಪಾಸಿಟರುಗಳು ಖಾಲಿಯಿರುವಾಗ 100 ವೋಲ್ಟನ್ನು ನೇರವಾಗಿ ಕೊಟ್ಟರೆ ಆ ಕ್ಷಣದ ಪ್ರವಾಹಕ್ಕೆ ಬ್ಯಾಟರಿಯನ್ನು ಜೋಡಿಸಿ ಕಡಿಯುವ ಸ್ವಿಚ್ಚಾದ ಕಾಂಟ್ಯಾಕ್ಟರಿನ ತುದಿಗಳು ಬೆಸೆದುಕೊಂಡುಬಿಡಬಹುದು, ಮತ್ತೆ ಕೀ ತೆಗೆದರೂ ಬೈಕು ಆಫ್ ಆಗುವುದಿಲ್ಲ. ಮೊದಲು ರೆಸಿಸ್ಟರಿನ ಮೂಲಕ ಅವುಗಳನ್ನು ತುಂಬಿಸುವ ಪ್ರೀಚಾರ್ಜ್ ಸರ್ಕ್ಯೂಟನ್ನು ಖರ್ಚು ಉಳಿಸಲೆಂದು ಕೈಬಿಡಬೇಡಿ. 60 ವೋಲ್ಟ್ ಡಿಸಿ ದಾಟಿದ ಮೇಲೆ ವಿದ್ಯುತ್ ನಿರೋಧಕ ಕೈಗವಸಿಲ್ಲದೆ ಪ್ಯಾಕಿನ ಮುಚ್ಚಳ ತೆರೆಯಲೂ ಬೇಡಿ.

ಪ್ರಶ್ನೆ: ಚಕ್ರದಲ್ಲೇ ಕೂರುವ ಹಬ್ ಮೋಟಾರು ಹಾಕಿದರೆ ಚೈನಿನ ರಗಳೆ ಇರುವುದಿಲ್ಲವಲ್ಲ?
– ಓದುಗರೊಬ್ಬರು, ತುಮಕೂರು

ಉತ್ತರ: ರಗಳೆ ಇರುವುದಿಲ್ಲ ನಿಜ, ಆದರೆ ಮೋಟಾರಿನ ಅಷ್ಟೂ ಭಾರ ಸಸ್ಪೆನ್ಶನ್ನಿನ ಕೆಳಗೆ ಬೀಳುವುದರಿಂದ ನಮ್ಮ ಗುಂಡಿಬಿದ್ದ ರಸ್ತೆಗಳಲ್ಲಿ ಹಿಂದಿನ ಚಕ್ರ ನೆಲಕ್ಕೆ ಸರಿಯಾಗಿ ಅಂಟಿಕೊಳ್ಳುವುದಿಲ್ಲ. ವೇಗದ ಬೈಕಿಗೆ ಮೋಟಾರು ನಡುವೆಯೇ ಇರಲಿ. 17 ಇಂಚಿನ ರಿಮ್ಮಿಗೆ 140/70 ಟೈರು ಹಾಕಿದರೆ 140 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 1,180 ಸುತ್ತು ತಿರುಗುತ್ತದೆ. ಮೋಟಾರಿನ ಗರಿಷ್ಠ ವೇಗ 6,000 ಸುತ್ತಾದರೆ ಐದಕ್ಕೊಂದರ ಇಳಿತ ಬೇಕು. ಇಷ್ಟನ್ನು ಒಂದೇ ಚೈನಿನಲ್ಲಿ ಸಾಧಿಸಹೊರಟರೆ ಹಿಂದಿನ ಸ್ಪ್ರಾಕೆಟ್ ಊಟದ ತಟ್ಟೆಗಿಂತ ದೊಡ್ಡದಾಗುತ್ತದೆ, ಆದ್ದರಿಂದ ನಡುವೆ ಒಂದು ಗೇರು ಜೋಡಿ ಇಡುವುದು ಮೇಲು.

ಪ್ರಶ್ನೆ: ಚೌಕಟ್ಟನ್ನೂ ನಾವೇ ಬೆಸುಗೆ ಹಾಕಬೇಕೆಂದಿದ್ದೇವೆ. ಹಳೆಯ ಬೈಕಿನದನ್ನು ಬಳಸಿದರೆ ಅದು ನಮ್ಮ ವಿನ್ಯಾಸವೆನಿಸುತ್ತದೆಯೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಖಂಡಿತ ಎನಿಸುತ್ತದೆ. ಐಲ್ ಆಫ್ ಮ್ಯಾನ್ ದ್ವೀಪದ ಸುಮಾರು 60 ಕಿ.ಮೀ. ಸುತ್ತಿನಲ್ಲಿ 2009ರಲ್ಲಿ ವಿದ್ಯುತ್ ಬೈಕುಗಳ ಮೊದಲ ಸ್ಪರ್ಧೆ ನಡೆದಾಗ, ಭಾರತದ ನಂಟಿದ್ದ ಅಗ್ನಿ ತಂಡದ ಬೈಕಿನಲ್ಲಿ ರಾಬ್ ಬಾರ್ಬರ್ ಸರಾಸರಿ 140 ಕಿ.ಮೀ. ವೇಗದಲ್ಲಿ ಗೆದ್ದರು, ಅದರ ಚೌಕಟ್ಟು ಸುಜುಕಿ ಜಿಎಸ್‌ಎಕ್ಸ್-ಆರ್‌ನದು. ಅದೇ ದ್ವೀಪದಲ್ಲಿ 2019ರ ಹೊತ್ತಿಗೆ ಸುತ್ತಿನ ದಾಖಲೆ 196 ಕಿ.ಮೀ.ಗೆ ಏರಿತ್ತು, ಆಗಲೂ ಸ್ಪರ್ಧೆ ಒಂದೇ ಸುತ್ತಿನದು. ಫೋರ್ಕಿನ ಓರೆ, ಟ್ರೇಲ್ (ಫೋರ್ಕು ತಿರುಗುವ ಅಕ್ಷ ನೆಲ ಮುಟ್ಟುವಲ್ಲಿಂದ ಮುಂದಿನ ಟೈರು ನೆಲ ಮುಟ್ಟುವ ಜಾಗಕ್ಕಿರುವ ಅಂತರ), ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್‌ಆರ್ಮಿನ ಕೋನ ಇವು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ, ಕಂಪನಿಯವರು ವರ್ಷಗಟ್ಟಲೆ ಪರೀಕ್ಷಿಸಿ ನಿಲ್ಲಿಸಿದ ಅಳತೆಗಳನ್ನು ಮೊದಲ ಪ್ರಯತ್ನದಲ್ಲಿ ಕದಲಿಸದಿರುವುದೇ ಜಾಣತನ. ಎಂಜಿನ್ ಇದ್ದ ಜಾಗದಲ್ಲೇ ಬ್ಯಾಟರಿಯನ್ನು ಕೂರಿಸಿ, ಎರಡು ಚಕ್ರಗಳ ಮೇಲಿನ ಭಾರವನ್ನು ತೂಕದ ಯಂತ್ರದಲ್ಲಿ ಬೇರೆಬೇರೆಯಾಗಿ ನೋಡಿ.

ಪ್ರಶ್ನೆ: ಇಂಥ ಬೈಕನ್ನು ಆರ್‌ಟಿಒದಲ್ಲಿ ನೋಂದಾಯಿಸಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಇದ್ದ ಹಾಗೆ ಆಗದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಾಯಿತ ವಾಹನವನ್ನು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿದಿದೆ. ಹಳೆಯ ಬೈಕನ್ನು ವಿದ್ಯುತ್ತಿಗೆ ಬದಲಿಸುವುದಾದರೆ ಅನುಮೋದಿತ ಕಿಟ್ಟನ್ನೇ ಹಾಕಿಸಬೇಕು. ಹೊಸ ವಾಹನವೆಂದು ತೋರಿಸಹೊರಟರೆ ವಾಹನಗಳನ್ನು ಪರೀಕ್ಷಿಸುವ ಪುಣೆಯ ಎಆರ್‌ಎಐನಂಥ ಸಂಸ್ಥೆಯ ಮಾದರಿ ಪರೀಕ್ಷೆಯನ್ನೂ ಬ್ಯಾಟರಿಯ ಸುರಕ್ಷತೆಗಿರುವ ಎಐಎಸ್-156 ಮಾನದಂಡವನ್ನೂ ದಾಟಬೇಕು. ವಿದ್ಯಾರ್ಥಿಗಳ ಜೇಬಿಗೆ ಅದು ಎಟುಕುವುದಿಲ್ಲ. ಕೊಯಮತ್ತೂರಿನ ಅಥವಾ ಚೆನ್ನೈ ಬಳಿಯ ರೇಸ್ ಟ್ರ್ಯಾಕಿನಲ್ಲಿ ಅನುಮತಿ ಪಡೆದು ಓಡಿಸುವುದು ನಿಮಗಿರುವ ನೇರ ದಾರಿ. ಅಲ್ಲಿಗೂ ಬೈಕನ್ನು ಗಾಡಿಯಲ್ಲಿ ಹೇರಿಕೊಂಡೇ ಹೋಗಬೇಕು.