ಬ್ಯಾಗಿನ ತಳದ ಕೆಂಪು ಫ್ರಾಕು

ಪ್ರಶ್ನೆ: ಮೇಡಂ, ನಾನೂ ನನ್ನ ಗಂಡನೂ ಬೇರೆಯಾಗಿ ಒಂದೂವರೆ ವರ್ಷ. ಏಳು ವರ್ಷದ ಮಗಳ ಜೊತೆ ದಾವಣಗೆರೆಯ ತವರುಮನೆಯಲ್ಲಿದ್ದೇನೆ, ಅವರೂ ಇದೇ ಊರಲ್ಲಿದ್ದಾರೆ. ಕೋರ್ಟ್ ಆದೇಶದಂತೆ ಶನಿವಾರ ಕರೆದುಕೊಂಡು ಹೋಗಿ ಭಾನುವಾರ ಸಂಜೆ ಬಿಡುತ್ತಾರೆ. ಪ್ರತಿ ಸಲವೂ ಗೇಟಿನ ಹತ್ತಿರವೇ ಜಗಳ. ಮೂರು ತಿಂಗಳಿಂದ ಜೀವನಾಂಶ ಕೊಟ್ಟಿಲ್ಲ. ಕೊಡುವ ತನಕ ಮಗುವನ್ನು ಕಳಿಸಬೇಡ ಅನ್ನುತ್ತಾನೆ ಅಣ್ಣ. ಶುಕ್ರವಾರ ರಾತ್ರಿಯಾದರೆ ಮಗಳಿಗೆ ಹೊಟ್ಟೆನೋವು. ಅಲ್ಲಿಂದ ಬಂದ ಮೇಲೆ ಏನು ಕೇಳಿದರೂ ಬಾಯಿ ಬಿಡುವುದಿಲ್ಲ. ಮೊನ್ನೆ ಸ್ಕೂಲ್ ಬ್ಯಾಗ್ ಒಗೆಯಲು ತೆಗೆದರೆ, ಅವರು ಕೊಡಿಸಿದ ಹೊಸ ಕೆಂಪು ಫ್ರಾಕು ತಳದಲ್ಲಿ ಮುದ್ದೆಯಾಗಿ ಬಿದ್ದಿತ್ತು. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಫ್ರಾಕಿನ ಸಾಲಿಗೆ ಬಂದಾಗ ಪತ್ರ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಪ್ಪ ತುಮಕೂರಿನಲ್ಲಿ, ಅಮ್ಮ ಮತ್ತು ನಾನು ಅರಸೀಕೆರೆಯಲ್ಲಿ. ಒಂದು ದಸರಾ ರಜೆಯಲ್ಲಿ ಅಪ್ಪ ಬೆಳ್ಳಿ ಗೆಜ್ಜೆ ಕೊಡಿಸಿದರು. ವಾಪಸ್ ಬರುವಾಗ ರೈಲು ತಿಪಟೂರು ದಾಟುತ್ತಿದ್ದಂತೆ ಅದನ್ನು ಬಿಚ್ಚಿ, ಸದ್ದಾಗದ ಹಾಗೆ ಕರವಸ್ತ್ರದಲ್ಲಿ ಸುತ್ತಿ ಚೀಲದೊಳಗೆ ತುರುಕಿದೆ. ಹಾಗೆ ಮಾಡು ಅಂತ ಯಾರೂ ಹೇಳಿರಲಿಲ್ಲ. ಕಂಡರೆ ಅಮ್ಮನ ಮುಖ ಬಾಡುತ್ತದೆ ಅಂತ ಗೊತ್ತಿತ್ತು, ಅಷ್ಟೆ.

ನಿಮ್ಮ ಮಗಳೂ ನಿಮಗೆ ನೋವಾಗದಂತೆ ನೋಡಿಕೊಳ್ಳುತ್ತಿದ್ದಾಳೆ. ಹೊಟ್ಟೆನೋವನ್ನು ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ. ಆದರೆ ಶುಕ್ರವಾರವೇ ಹುಡುಕಿಕೊಂಡು ಬರುವ ನೋವಿಗೆ ಶನಿವಾರದ ಗೇಟೇ ಕಾರಣ ಅಂತ ನನಗನ್ನಿಸುತ್ತದೆ.

ಆ ಗೇಟನ್ನೇ ತಪ್ಪಿಸಿ. ಶನಿವಾರ ಅರ್ಧ ದಿನ ಶಾಲೆಯಿದ್ದರೆ ಅವರು ಅಲ್ಲಿಂದಲೇ ಕರೆದೊಯ್ಯಲಿ. ಒಪ್ಪಿಗೆ ಎಂದು ಇಬ್ಬರೂ ಸಹಿ ಮಾಡಿದ ಒಂದು ಕಾಗದವನ್ನು ಹೆಡ್ಮಿಸ್ ಹತ್ತಿರ ಕೊಟ್ಟಿಡಿ. ಭಾನುವಾರ ಸಂಜೆ ಬಾಗಿಲಿಗೆ ನೀವೊಬ್ಬರೇ ಬನ್ನಿ, ಅಣ್ಣ ಒಳಗಿರಲಿ. ಮಗಳ ವಿಷಯವಷ್ಟನ್ನೇ ಮೆಸೇಜಿನಲ್ಲಿ ಬರೆಯಿರಿ: ‘ಕೆಮ್ಮಿನ ಸಿರಪ್ ಬ್ಯಾಗಿನ ಪಕ್ಕದ ಜೇಬಿನಲ್ಲಿದೆ. ಸೋಮವಾರ ಕನ್ನಡ ಟೆಸ್ಟ್.’ ಚುಚ್ಚುಮಾತಿನ ಉತ್ತರ ಬಂದರೆ ರಾತ್ರಿಯೇ ತಿರುಗಿ ಬರೆಯಬೇಡಿ, ಬೆಳಗಾಗಲಿ. ‘ನಿಮ್ಮಪ್ಪನಿಗೆ ಹೇಳು’ ಅಂತ ಅವಳ ಕೈಲಿ ಮಾತ್ರ ಏನನ್ನೂ ಹೇಳಿ ಕಳಿಸಬೇಡಿ, ಫೀಸಿನ ಮಾತನ್ನಂತೂ ಖಂಡಿತ ಬೇಡ.

ಅಣ್ಣನ ಕಾಳಜಿ ನಿಜ, ಅವರ ಸಲಹೆ ತಪ್ಪು. ಜೀವನಾಂಶ ಬೇರೆ, ಮಗುವಿನ ಭೇಟಿ ಬೇರೆ. ಭೇಟಿ ನಿಲ್ಲಿಸಿದರೆ ಕೋರ್ಟ್ ಆದೇಶ ಮುರಿದವರು ನೀವಾಗುತ್ತೀರಿ. ಬಾಕಿ ವಸೂಲಿಗೆ ಅದೇ ಕೋರ್ಟಿನಲ್ಲಿ ಅರ್ಜಿ ಹಾಕಿ. ವಕೀಲರಿಗೆ ದುಡ್ಡಿಲ್ಲವೆಂದು ಹಿಂಜರಿಯಬೇಡಿ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ದಸರಾ, ಬೇಸಿಗೆ ರಜೆ, ಹುಟ್ಟಿದ ಹಬ್ಬ ಯಾರ ಮನೆಯಲ್ಲಿ ಎಂಬುದನ್ನು ಮಧ್ಯಸ್ಥರ ಎದುರು ಈಗಲೇ ಬರೆಸಿಕೊಳ್ಳಿ. ಮಗು ಬೆಳೆದಂತೆ ಈ ಏರ್ಪಾಟು ಬದಲಿಸಿಕೊಡಿ ಎಂದು ಕೋರ್ಟನ್ನು ಕೇಳಬಹುದು. ಆ ಮನೆಯಲ್ಲಿ ಕುಡಿತ, ಹೊಡೆತದ ಭಯವಿದ್ದರೆ ಮಾತ್ರ ಇದಾವುದೂ ಅನ್ವಯಿಸದು. ಆಗ ತಡಮಾಡದೆ ನ್ಯಾಯಾಧೀಶರ ಗಮನಕ್ಕೆ ತನ್ನಿ.

ಬಂದಕೂಡಲೇ ‘ಏನು ಮಾಡಿದೆ, ಅಲ್ಲಿ ಯಾರಿದ್ದರು’ ಅಂತ ಕೇಳಬೇಡಿ. ಕೈಕಾಲು ತೊಳೆಸಿ, ‘ಹಸಿವಾ ಪುಟ್ಟಿ’ ಅಂತ ಕೇಳಿ ತಟ್ಟೆ ಹಾಕಿ. ಹೇಳಬೇಕೆನಿಸಿದ್ದನ್ನು ತಲೆ ಬಾಚಿಸಿಕೊಳ್ಳುವಾಗ ತಾನೇ ಹೇಳುತ್ತಾಳೆ. ಫ್ರಾಕನ್ನು ಒಗೆದು, ಇಸ್ತ್ರಿ ಮಾಡಿ, ಅವಳ ಉಳಿದ ಬಟ್ಟೆಗಳ ಮೇಲೆ ಎದ್ದು ಕಾಣುವ ಹಾಗೆ ಇಡಿ. ‘ಬಣ್ಣ ನಿನಗೆ ಚೆನ್ನಾಗಿ ಒಪ್ಪುತ್ತೆ, ಯಾವತ್ತು ಹಾಕ್ಕೋತೀಯ?’ ಅಂತ ಕೇಳಿ.