ಎರಡು ಸಲ ಪ್ರಮೋಷನ್ ತಪ್ಪಿದೆ, ಕಾನ್ಫಿಡೆನ್ಸ್‌ಗೆ ಕೋಚಿಂಗ್ ತಗೊಳ್ಬೇಕಾ?

ಟೀಮ್ ಲೀಡ್ ಪೋಸ್ಟ್ ಎರಡು ಸಲ ಕೈ ತಪ್ತು, ದಿನಾ ಡೈರಿ ಬರೆದ್ರೂ ಧೈರ್ಯ ಬರ್ತಿಲ್ಲ, ಕೋಚ್ ಹತ್ರ ಹೋಗ್ಲಾ ಅಂತ ಕೇಳಿದೀರಲ್ಲ, ಓದ್ತಾ ಓದ್ತಾ ನನ್ನ ಹಳೇ ಡೈರಿಗಳೇ ಕಣ್ಮುಂದೆ ಬಂದ್ವು. ಎರಡು ವರ್ಷ, ಮೂರು ನೋಟ್‌ಬುಕ್, ಪುಟಪುಟದಲ್ಲೂ "ನಾನ್ಯಾಕೆ ಹೀಗೆ" ಅನ್ನೋ ಒಂದೇ ಪ್ರಶ್ನೆ. ಅದನ್ನ ಆತ್ಮಾವಲೋಕನ ಅಂದ್ಕೊಂಡಿದ್ದೆ. ಅದು ಗಾಯ ಕೆರ್ಕೊಳ್ಳೋದು.

ನಿಜವಾದ ತಪ್ಪು ಡೈರಿಲಿ ಎಲ್ಲೂ ಇರ್ಲಿಲ್ಲ. ನಂಗೂ ಲೀಡ್ ಪೋಸ್ಟ್ ಹೀಗೇ ಎರಡು ಸಲ ತಪ್ಪಿತ್ತು. ಮೊದಲನೇ ಸಲ ಪೋಸ್ಟ್ ಖಾಲಿಯಾದಾಗ ಮ್ಯಾನೇಜರ್ ಕಾರಿಡಾರಲ್ಲಿ ನಿಲ್ಲಿಸಿ "ನಿಮಗೆ ಇಂಟರೆಸ್ಟ್ ಇದ್ಯಾ" ಅಂದ್ರು. ನಾನು "ನೀವು ಹೇಗೆ ಹೇಳ್ತೀರೋ ಹಾಗೆ ಸರ್" ಅಂದೆ. ನನ್ನ ಮನಸ್ಸಲ್ಲಿ ಅದರರ್ಥ ಹೂಂ, ನೂರು ಸಲ ಹೂಂ, ಆದ್ರೆ ಬಾಯಿಬಿಟ್ಟು ಬೇಕು ಅಂದ್ರೆ ಆಸೆಬುರುಕಿ ಅಂದ್ಕೋತಾರೆ, ಕೆಲಸ ನೋಡಿ ಅವ್ರೇ ಕೊಡ್ಲಿ, ಹಾಗೆ ಕೊಟ್ರೇನೇ ಮರ್ಯಾದೆ ಅಂತ ಒಂದು ಲೆಕ್ಕ ನಂದು. ಅವ್ರಿಗೆ ಕೇಳಿಸಿದ್ದು ಮಾತ್ರ "ಅಷ್ಟೇನೂ ಆಸಕ್ತಿ ಇಲ್ಲ". ತೀರ್ಮಾನ ಮಾಡೋರ ಮುಂದೆ ನನ್ನ ಹೆಸರು ಬಂದಾಗ ಅದನ್ನೇ ಹೇಳಿದ್ರಂತೆ, ಸುಳ್ಳೇನಲ್ಲ ಬಿಡಿ, ನಾನು ಕೊಟ್ಟ ಉತ್ತರ ಅದೇ ತಾನೆ. ಎರಡನೇ ಸಲ ನನ್ನನ್ನ ಕೇಳ್ಲೇ ಇಲ್ಲ, ಯಾಕಂದ್ರೆ ಅವ್ರ ಪಾಲಿಗೆ ನಾನು ಆಗ್ಲೇ ಬೇಡ ಅಂದಾಗಿತ್ತು. ಇದೆಲ್ಲ ಗೊತ್ತಿಲ್ದೆ ನಾನು ಇಡೀ ಎರಡು ವರ್ಷ ನನ್ನ ಇಂಗ್ಲಿಷು, ನನ್ನ ದನಿ, ಮೀಟಿಂಗಲ್ಲಿ ಕೂರೋ ರೀತಿ ಎಲ್ಲದರಲ್ಲೂ ಹುಳುಕು ಹುಡುಕ್ತಾ ಕೂತಿದ್ದೆ.

ಕೋಚ್ ಹತ್ರ ಹೋದಾಗ "ಕಾನ್ಫಿಡೆನ್ಸ್ ಸರಿ ಮಾಡ್ಕೊಡಿ" ಅಂದೆ. ಅವ್ರು ಆ ಮಾತೇ ಎತ್ತಲಿಲ್ಲ. ಕಳೆದ 4 ವಾರದ ಕ್ಯಾಲೆಂಡರ್ ಪ್ರಿಂಟ್ ತಗೊಂಡು ಬನ್ನಿ, ಅಪ್ರೈಸಲ್‌ನಲ್ಲಿ ಯಾರೂ ಬಾಯಿಗೆ ತರದ ಕೆಲಸಕ್ಕೆಲ್ಲ ಕೆಂಪು ಸುತ್ತು ಹಾಕಿ ಅಂದ್ರು. ಮೀಟಿಂಗ್ ನೋಟ್ಸು, ಹೊಸಬರಿಗೆ ಕಲಿಸೋದು, ಬೀಳ್ಕೊಡುಗೆ ಪಾರ್ಟಿ, ಇನ್ಯಾರದೋ ಸ್ಲೈಡು ತಿದ್ದೋದು. ಹಾಳೆ ಪೂರ್ತಿ ಕೆಂಪು. 2017ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞೆ ಲಿಂಡಾ ಬ್ಯಾಬ್‌ಕಾಕ್ ಮತ್ತೆ ಜೊತೆಯವರು ಪ್ರಕಟಿಸಿದ ಸಂಶೋಧನೆಲಿ ಇದೇ ಇದೆ: ಗಂಡಸರು ಹೆಂಗಸರು ಸೇರಿರೋ ಗುಂಪಲ್ಲಿ ಇಂಥ ಕೆಲಸಕ್ಕೆ ಹೆಂಗಸರೇ ಸುಮಾರು 48% ಜಾಸ್ತಿ ಮುಂದೆ ಬರ್ತಾರೆ, ಆದ್ರೆ ಬರೀ ಹೆಂಗಸರ ಗುಂಪು, ಬರೀ ಗಂಡಸರ ಗುಂಪು ಅಂತ ಬೇರೆ ಮಾಡಿದ್ರೆ ಆ ವ್ಯತ್ಯಾಸನೇ ಕಾಣಲ್ಲ. ಅಂದ್ರೆ ಇದು ನಮ್ಮ ಹುಟ್ಟುಗುಣ ಅಲ್ಲ, "ಅವಳು ಮಾಡ್ತಾಳೆ" ಅಂತ ಎಲ್ರೂ ಕಾಯ್ತಿರ್ತಾರೆ, ನಾವೂ ಎದ್ದು ನಿಲ್ತೀವಿ.

ಅದಕ್ಕೇ ನಿಮ್ಮ ಪ್ರಶ್ನೇನೇ ನಾನು ಒಪ್ಪಲ್ಲ. ಕಾನ್ಫಿಡೆನ್ಸ್ ಕೊಡಿಸ್ತೀನಿ ಅನ್ನೋ ಕೋಚ್ ಹತ್ರ ದಯವಿಟ್ಟು ಹೋಗ್ಬೇಡಿ. ಹೋಗೋದೇ ಆದ್ರೆ ಅನುಭವ ಎಷ್ಟು ಅಂತ ಕೇಳಿ, ಕೋಚ್‌ಗಳಿಗೆ ಸರ್ಟಿಫಿಕೇಟ್ ಕೊಡೋ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಅನ್ನೋ ಸಂಸ್ಥೆಯ ಪಿಸಿಸಿಗೆ (ಪ್ರೊಫೆಷನಲ್ ಸರ್ಟಿಫೈಡ್ ಕೋಚ್) 500 ಗಂಟೆ ಕೋಚಿಂಗ್ ಮಾಡಿರ್ಬೇಕು. ಕಂಪನಿ ದುಡ್ಡು ಕೊಡ್ತಿದ್ರೆ ಮ್ಯಾನೇಜರ್‌ಗೆ ಯಾವ ವಿಷಯ ಹೋಗುತ್ತೆ, ಯಾವುದು ಹೋಗಲ್ಲ ಅನ್ನೋದು ಮೊದಲೇ ಬರಹದಲ್ಲಿ ಆಗ್ಲಿ.

ನಾನು ಕೊನೆಗೆ ಮ್ಯಾನೇಜರ್ ಹತ್ರ 20 ನಿಮಿಷ ಕೇಳ್ಕೊಂಡು ಹೋಗಿ, "ಈ ಪೋಸ್ಟ್ ನಂಗೆ ಬೇಕು, ತೀರ್ಮಾನ ಯಾರದ್ದು, ನನ್ನ ಕೆಲಸದಲ್ಲಿ ಏನು ಕಮ್ಮಿ ಇದೆ" ಅಂತ ನೇರವಾಗಿ ಕೇಳ್ದೆ. ಅವ್ರು ಪೆನ್ನು ಕೆಳಗಿಟ್ಟು "ನಿಮಗೆ ಬೇಡ ಅಂದ್ಕೊಂಡಿದ್ದೆ" ಅಂದ್ರು. ಎಂಟು ತಿಂಗಳಿಗೆ ಲೀಡ್ ಆದೆ.

ನಿಮ್ಮ ಮ್ಯಾನೇಜರ್‌ಗೆ ನಿಮಗೆ ಬೇಕು ಅನ್ನೋದು ಗೊತ್ತಿದ್ಯಾ? ಪ್ರಶ್ನೆಲಿ ಅದೊಂದನ್ನ ನೀವು ಬರ್ದಿಲ್ಲ.